ಅಯಾನ್ ಮೂಲದ ವಿನ್ಯಾಸ: ಬೀಮ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿ

ಪ್ರೋಟಾನ್ ಅಥವಾ ಅಯಾನುಗಳ ಕಣ ವೇಗವರ್ಧಕ ಎಷ್ಟೇ ದೊಡ್ಡದಿರಲಿ, ಅದರ ಬೀಮ್ (ಕಣಗಳ ಕಿರಣ) ಹುಟ್ಟುವುದು ಒಂದು ಪುಟ್ಟ ಲೋಹದ ಕೋಣೆಯಲ್ಲಿ. ಅದೇ ಅಯಾನ್ ಮೂಲ. ಅಲ್ಲಿ ಅನಿಲವನ್ನು ಪ್ಲಾಸ್ಮಾ (ಎಲೆಕ್ಟ್ರಾನ್ ಮತ್ತು ಅಯಾನುಗಳಾಗಿ ಒಡೆದ ಅನಿಲ) ಮಾಡಿ, ಅದರಿಂದ ಅಯಾನುಗಳನ್ನು, ಅಂದರೆ ವಿದ್ಯುದಂಶವುಳ್ಳ ಪರಮಾಣುಗಳನ್ನು, ಹೊರಗೆಳೆಯುತ್ತಾರೆ. ಇಲ್ಲೇ ಕೆಟ್ಟ ಬೀಮನ್ನು ಮುಂದೆ ರಿಪೇರಿ ಮಾಡುವುದು ಬಹಳ ಕಷ್ಟ.

1. ಏನು ಬೇಕು ಅಂತ ಬರೆದಿಡಿ

ಯಾವ ಅಯಾನು, ಎಷ್ಟು ಕರೆಂಟ್, ಸತತವೋ ಪಲ್ಸೋ, ಮುಂದಿನ ಯಂತ್ರಕ್ಕೆ ಯಾವ ಶಕ್ತಿಯ ಬೀಮ್ ಬೇಕು? ಉದಾಹರಣೆಗೆ, ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಲೀನಾಕ್4 ವೇಗವರ್ಧಕಕ್ಕೆ ಬೇಕಿರುವುದು 45 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಹೈಡ್ರೋಜನ್ ಋಣ ಅಯಾನು (ಒಂದು ಎಲೆಕ್ಟ್ರಾನ್ ಹೆಚ್ಚಿರುವ ಹೈಡ್ರೋಜನ್). ಪ್ರೋಟಾನ್ ಬೇಕಾದ ಕಡೆ ಋಣ ಅಯಾನು ಯಾಕೆ? ಮುಂದಿನ ಉಂಗುರಾಕಾರದ ವೇಗವರ್ಧಕಕ್ಕೆ ಸೇರಿಸುವಾಗ ತೆಳ್ಳನೆಯ ಹಾಳೆಯೊಂದು ಅದರ ಎರಡೂ ಎಲೆಕ್ಟ್ರಾನ್‌ಗಳನ್ನು ಕಿತ್ತುಹಾಕುತ್ತದೆ. ಆಗ ಆಗಲೇ ಸುತ್ತುತ್ತಿರುವ ಪ್ರೋಟಾನ್‌ಗಳ ಮೇಲೇ ಹೊಸದನ್ನು ಪೇರಿಸಬಹುದು. ಜಾಣ ಉಪಾಯ ಅಲ್ವಾ?

2. ಬಗೆ ಆರಿಸಿ

ಬರೀ ಪ್ರೋಟಾನ್ ಸಾಕಾದರೆ ಡ್ಯೂಯೋಪ್ಲಾಸ್ಮಟ್ರಾನ್ (ವಿದ್ಯುತ್ ಆರ್ಕ್‌ನಿಂದ ಪ್ಲಾಸ್ಮಾ ಮಾಡುವ ಮೂಲ) ಅಥವಾ 2.45 ಗಿಗಾಹರ್ಟ್ಜ್ ಮೈಕ್ರೋವೇವ್ ಮೂಲ. ಋಣ ಅಯಾನು ಜಾಸ್ತಿ ಬೇಕಿದ್ದರೆ ಲೋಹದ ಮೇಲ್ಮೈಗೆ ಸೀಸಿಯಂ ಲೇಪ. ಭಾರದ ಧಾತುಗಳಿಂದ ತುಂಬಾ ಎಲೆಕ್ಟ್ರಾನ್ ಕೀಳಬೇಕಿದ್ದರೆ ಇಸಿಆರ್ (ಎಲೆಕ್ಟ್ರಾನ್ ಸೈಕ್ಲೋಟ್ರಾನ್ ಅನುರಣನ) ಮೂಲ. ಇದರಲ್ಲಿ ಮೈಕ್ರೋವೇವ್ ಆವರ್ತನಕ್ಕೂ ಕಾಂತಕ್ಷೇತ್ರಕ್ಕೂ ತಾಳೆಯಾಗಲೇಬೇಕು: 2.45 ಗಿಗಾಹರ್ಟ್ಜ್‌ಗೆ 0.0875 ಟೆಸ್ಲಾ, 28ಕ್ಕೆ 1 ಟೆಸ್ಲಾ. ಎಲೆಕ್ಟ್ರಾನ್‌ಗಳನ್ನು ಹಿಡಿದಿಡಲು ಗೋಡೆಯ ಬಳಿ ಅದರ ದುಪ್ಪಟ್ಟು ಬೇಕು. ಹಾಗಾಗಿ 28 ಗಿಗಾಹರ್ಟ್ಜ್ ಅಂದ ಕೂಡಲೇ ಸೂಪರ್‌ಕಂಡಕ್ಟರ್ ಮ್ಯಾಗ್ನೆಟ್‌ನ ಮಾತು ಬರುತ್ತದೆ.

3. ಎಳೆಯುವ ಎಲೆಕ್ಟ್ರೋಡ್‌ಗಳು

ಪ್ಲಾಸ್ಮಾ ಹೊತ್ತಿಸುವುದನ್ನು ಹೇಗೋ ಸಾಧಿಸಬಹುದು. ನಿಜವಾದ ಪರೀಕ್ಷೆ ಇಲ್ಲಿದೆ. ಹೆಚ್ಚಿನ ಸಮಯ ಇಲ್ಲೇ ಕಳೆಯಿರಿ.

ಲೆಕ್ಕ ಚೈಲ್ಡ್–ಲ್ಯಾಂಗ್ಮ್ಯೂರ್ ನಿಯಮದಿಂದ ಶುರು. ಎರಡು ಎಲೆಕ್ಟ್ರೋಡ್‌ಗಳ ನಡುವೆ ಹೆಚ್ಚೆಂದರೆ ಎಷ್ಟು ಕರೆಂಟ್ ಎಳೆಯಬಹುದು ಅಂತ ಅದು ಹೇಳುತ್ತದೆ. ವೋಲ್ಟೇಜ್ ದುಪ್ಪಟ್ಟಾದರೆ ಎಳೆಯಬಹುದಾದ ಕರೆಂಟ್ ಸುಮಾರು 2.8 ಪಟ್ಟು. ಎಲೆಕ್ಟ್ರೋಡ್‌ಗಳ ಅಂತರ ಅರ್ಧವಾದರೆ ನಾಲ್ಕು ಪಟ್ಟು. 50 ಕಿಲೋವೋಲ್ಟ್, 1 ಸೆಂಟಿಮೀಟರ್ ಅಂತರ ಇದ್ದರೆ ಪ್ರೋಟಾನ್‌ಗೆ ಮೇಲ್ಮಿತಿ ಚದರ ಸೆಂಟಿಮೀಟರ್‌ಗೆ ಸುಮಾರು 0.6 ಆಂಪಿಯರ್. ಹಾಗಾದರೆ ಅಂತರ ಕಡಿಮೆ ಮಾಡುತ್ತಾ ಹೋದರಾಯಿತಲ್ಲ? ಆಗದು, ಕಿಡಿ ಹಾರುತ್ತದೆ. ಅಯಾನುಗಳು ಹೊರಬರುವ ರಂಧ್ರ ದೊಡ್ಡದು ಮಾಡೋಣವೆಂದರೆ, ಅಂತರಕ್ಕೆ ಹೋಲಿಸಿದರೆ ಅಗಲ ಜಾಸ್ತಿಯಾಗಿ ಬೀಮ್ ಹರಡುತ್ತದೆ.

ರಂಧ್ರದ ಬಾಯಲ್ಲಿ ಪ್ಲಾಸ್ಮಾದ ಅಂಚು ಬಾಗಿರುತ್ತದೆ. ಪ್ಲಾಸ್ಮಾ ತೆಳುವಾದರೆ ಅಂಚು ಒಳಕ್ಕೆ ಅತಿಯಾಗಿ ಬಾಗಿ, ಅಯಾನುಗಳು ಬೇಗ ಒಂದೆಡೆ ಸೇರಿ ಆಮೇಲೆ ಚದುರುತ್ತವೆ. ದಟ್ಟವಾದರೆ ಅಂಚು ಹೊರಕ್ಕೆ ಉಬ್ಬಿ, ಬೀಮ್ ಎಲೆಕ್ಟ್ರೋಡ್‌ಗೇ ಬಡಿಯುತ್ತದೆ. ಅಂದರೆ ವೋಲ್ಟೇಜ್ ಮತ್ತು ಸಾಂದ್ರತೆಯನ್ನು ಒಟ್ಟಿಗೇ ಹೊಂದಿಸಬೇಕು. ಅಯಾನುಗಳ ದಾರಿಯನ್ನು ಲೆಕ್ಕ ಹಾಕುವ ಐಬಿಸಿಮು ತರಹದ ಸಾಫ್ಟ್‌ವೇರ್ ಬೇಕಾಗುವುದು ಇದಕ್ಕೇ. ಧನ ಅಯಾನುಗಳಾದರೆ ಮುಂದೆ ಒಂದು ಋಣ ವೋಲ್ಟೇಜಿನ ಎಲೆಕ್ಟ್ರೋಡ್ ಇಡಿ. ಬೀಮ್‌ನಲ್ಲಿರುವ ಎಲೆಕ್ಟ್ರಾನ್‌ಗಳು ಮೂಲಕ್ಕೆ ವಾಪಸ್ ನುಗ್ಗದಂತೆ ಅದು ತಡೆಯುತ್ತದೆ. ಋಣ ಅಯಾನುಗಳ ಜೊತೆ ಎಲೆಕ್ಟ್ರಾನ್‌ಗಳೂ ಹೊರಬರುತ್ತವೆ. ಅವನ್ನು ಮ್ಯಾಗ್ನೆಟ್‌ನಿಂದ ಪಕ್ಕಕ್ಕೆ ತಿರುಗಿಸಿ, ಶಾಖ ತಡೆಯುವ ಕಡೆ ಬೀಳಿಸಿ.

4. ನಿರ್ವಾತ

ರಂಧ್ರದಿಂದ ಅನಿಲವೂ ಸೋರುತ್ತದೆ. ಋಣ ಹೈಡ್ರೋಜನ್‌ನ ಹೆಚ್ಚುವರಿ ಎಲೆಕ್ಟ್ರಾನನ್ನು ಹಿಡಿದಿರುವುದು ಬರೀ 0.75 ಎಲೆಕ್ಟ್ರಾನ್ ವೋಲ್ಟ್. ಅನಿಲಕ್ಕೆ ಡಿಕ್ಕಿ ಹೊಡೆದರೆ ಅದು ಕಳಚಿ ಹೋಗುತ್ತದೆ. ಪಂಪ್‌ನಲ್ಲಿ ಜಿಪುಣತನ ಬೇಡ.

5. ಅಳೆಯಿರಿ

ಹೈ ವೋಲ್ಟೇಜ್‌ಗೆ ಇಂಟರ್‌ಲಾಕ್ (ಬಾಗಿಲು ತೆರೆದರೆ ವಿದ್ಯುತ್ ಕಡಿಯುವ ವ್ಯವಸ್ಥೆ), ಎಕ್ಸ್-ರೇಗೆ ಸೀಸದ ಮರೆ ಹಾಕಿದ ಮೇಲೆಯೇ ಸ್ವಿಚ್ ಒತ್ತಿ. ಫ್ಯಾರಡೆ ಕಪ್ (ಬೀಮನ್ನು ಹಿಡಿದು ಕರೆಂಟ್ ಅಳೆಯುವ ಲೋಹದ ಬಟ್ಟಲು) ಮೊದಲ ಸಲ ತೋರಿಸುವ ಕರೆಂಟ್ ನೋಡಿ ಹಿಗ್ಗಬೇಡಿ. ಕಪ್‌ನಿಂದ ಚಿಮ್ಮುವ ಎಲೆಕ್ಟ್ರಾನ್‌ಗಳನ್ನು ತಡೆಯದಿದ್ದರೆ ಧನ ಅಯಾನುಗಳ ಬೀಮ್‌ನಲ್ಲಿ ಅಂಕಿ ಸುಮ್ನೆ ಏರಿರುತ್ತದೆ. ಹೈಡ್ರೋಜನ್ ಮೂಲದಿಂದ ಪ್ರೋಟಾನ್ ಜೊತೆ ಎರಡು, ಮೂರು ಪರಮಾಣುಗಳ ಅಯಾನುಗಳೂ ಬರುತ್ತವೆ. ಬೀಮನ್ನು ಬಾಗಿಸುವ ಮ್ಯಾಗ್ನೆಟ್ ಮೂಲಕ ಹಾಯಿಸಿ, ಒಂದೊಂದನ್ನೂ ಬೇರೆಯಾಗಿ ಅಳೆಯಿರಿ.