ಅಗ್ಗದ ಕಾಂಪ್ಯಾಕ್ಟ್ ಕ್ಯಾಮೆರಾ: ಡಬ್ಬಿ ಬಿಡಿ, ಲೆನ್ಸ್ ಓದಿ

ಮನೆಯ ಹಬ್ಬ, ಮಕ್ಕಳ ಆಟ, ಶರಣಬಸವೇಶ್ವರರ ಜಾತ್ರೆ ಇಷ್ಟಕ್ಕೆ ಒಂದು ಸಣ್ಣ ಕ್ಯಾಮೆರಾ ಬೇಕು ಎನ್ನುವವರು ಹೆಚ್ಚಾಗಿ ಎಡವುವುದು ಡಬ್ಬಿಯ ಮೇಲಿನ ಮೆಗಾಪಿಕ್ಸೆಲ್ ನೋಡಿ. ಅದನ್ನು ಮರೆತುಬಿಡಿ. 4×6 ಇಂಚಿನ ಪ್ರಿಂಟಿಗೆ ಎರಡು ಮೆಗಾಪಿಕ್ಸೆಲ್‌ಗಿಂತ ತುಸು ಹೆಚ್ಚು ಸಾಕು, 8×12ಕ್ಕೆ ಒಂಬತ್ತು. ಬಹುತೇಕ ಅಗ್ಗದ ಕ್ಯಾಮೆರಾಗಳ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಸುಮಾರು 6.2×4.6 ಮಿ.ಮೀ., ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅದರೊಳಗೆ 20 ಮೆಗಾಪಿಕ್ಸೆಲ್ ತುರುಕಿದರೆ ಮಬ್ಬು ಬೆಳಕಿನ ಚಿತ್ರ ಸುಧಾರಿಸುವುದಿಲ್ಲ. 10ರಿಂದ 16 ಇದ್ದರೆ ಧಾರಾಳವಾಗಿ ಕೊಳ್ಳಿ.

ಹಂತ 1: ಲೆನ್ಸಿನ ಸುತ್ತ ಇರುವ ಅಂಕಿ ಓದಿ. ‘5.0–40.0 ಎಂಎಂ 1:3.2–6.9’ ಎಂದಿದೆ ಎನ್ನಿ. 40ನ್ನು 5ರಿಂದ ಭಾಗಿಸಿದರೆ 8. ಅದೇ ನಿಜವಾದ, ಅಂದರೆ ಲೆನ್ಸೇ ಮಾಡುವ ಆಪ್ಟಿಕಲ್ ಜೂಮ್. ಮೊದಲ ಅಂಕಿಯನ್ನು 5.6ರಿಂದ ಗುಣಿಸಿ (ಮೇಲೆ ಹೇಳಿದ ಸಣ್ಣ ಸೆನ್ಸರಿನ ಲೆಕ್ಕ ಇದು). ಬರುವ ಅಂಕಿ ಚಿಕ್ಕದಾದಷ್ಟೂ ಚಿತ್ರದಲ್ಲಿ ಅಗಲ ಹೆಚ್ಚು. 28ರ ಆಸುಪಾಸು ಬಂದರೆ ಪಡಸಾಲೆಯಲ್ಲಿ ಕುಳಿತ ಇಡೀ ಕುಟುಂಬ ಒಂದೇ ಚಿತ್ರದಲ್ಲಿ ಹಿಡಿಯುತ್ತದೆ. 35 ಬಂದರೆ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಅಂಚಿನವರು ಕತ್ತರಿಸಿ ಹೋಗುತ್ತಾರೆ. ಕೊನೆಯ ಎರಡು ಅಂಕಿಗಳು ಬೆಳಕಿನವು. 3.2ರಿಂದ 6.9ಕ್ಕೆ ಹೋಗುವುದೆಂದರೆ ಪೂರ್ತಿ ಜೂಮ್ ಎಳೆದಾಗ ಐದನೇ ಒಂದು ಭಾಗದಷ್ಟೇ ಬೆಳಕು ಒಳಗೆ ಬರುತ್ತದೆ. ಸಂಜೆಯ ತೇರನ್ನು ದೂರದಿಂದ ಜೂಮ್ ಮಾಡಿದರೆ ಅಲುಗಾಡಿದಂತೆ ಬರುವುದು ಇದಕ್ಕೇ. ಹತ್ತಿರ ಹೋಗಿ ತೆಗೆಯಿರಿ.

ಲೆನ್ಸಿನ ಮೇಲೆ ಒಂದೇ ಎಂಎಂ ಅಂಕಿ ಇದ್ದು, ಡಬ್ಬಿ ಮೇಲೆ ‘48 ಮೆಗಾಪಿಕ್ಸೆಲ್, 16ಎಕ್ಸ್ ಜೂಮ್, 4ಕೆ’ ಎಂದು ದೊಡ್ಡದಾಗಿ ಬರೆದಿದ್ದರೆ ಮುಟ್ಟಬೇಡಿ. ಆನ್‌ಲೈನ್‌ನಲ್ಲಿ ಇಂಥವು ಹೇರಳ. ಅವುಗಳ ಜೂಮ್ ಡಿಜಿಟಲ್ ಜೂಮ್. ಚಿತ್ರದ ನಡುಭಾಗ ಕತ್ತರಿಸಿ ಹಿಗ್ಗಿಸುವುದಷ್ಟೇ ಅದರ ಕೆಲಸ.

ಹಂತ 2: ಹಳೆಯದನ್ನು ಕೊಳ್ಳುವಾಗಿನ ಪರೀಕ್ಷೆ. ಹೆಚ್ಚಿನವರು ಆನ್ ಮಾಡಿ, ಒಂದು ಫೋಟೊ ಹೊಡೆದು, ದುಡ್ಡು ಎಣಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಹತ್ತು ಸಲ ಆನ್–ಆಫ್ ಮಾಡಿ, ಪ್ರತಿ ಸಲ ಜೂಮನ್ನು ಪೂರ್ತಿ ಹೊರಕ್ಕೆ, ಪೂರ್ತಿ ಒಳಕ್ಕೆ ಓಡಿಸಿ. ಕರಕರ ಸದ್ದು ಬಂದರೆ, ನಡುವೆ ತಡೆದು ನಿಂತರೆ ಒಳಗೆ ಮರಳು ಸೇರಿದೆ, ಇಲ್ಲವೇ ಬಿದ್ದು ಹಲ್ಲುಚಕ್ರ ಸರಿದಿದೆ. ಮುಂದೆ ‘ಲೆನ್ಸ್ ಎರರ್’ ತೋರಿಸಿ ನಿಲ್ಲುವುದು ಇಂಥದ್ದೇ.

ಆಮೇಲೆ ಪೂರ್ತಿ ಜೂಮ್‌ನಲ್ಲಿ ಬಿಳಿ ಗೋಡೆಯ ಚಿತ್ರ ಎರಡು ತೆಗೆಯಿರಿ, ಎರಡನೆಯದಕ್ಕೆ ಕ್ಯಾಮೆರಾ ಬೇರೆ ಕಡೆ ತಿರುಗಿಸಿ. ಎರಡರಲ್ಲೂ ಒಂದೇ ಜಾಗದಲ್ಲಿ ಬೂದು ಚುಕ್ಕೆ ಕಂಡರೆ ದೂಳು ಒಳಗಿದೆ. ಲೆನ್ಸ್ ಹೊರಬಂದು ಒಳಹೋಗುವಾಗ ಗಾಳಿ ಎಳೆದುಕೊಳ್ಳುತ್ತದೆ. ತೊಗರಿ ರಾಶಿಯ ಕಣದಲ್ಲಿ ಬಳಸಿದ ಕ್ಯಾಮೆರಾ ಆ ಹೊಟ್ಟನ್ನೂ ಒಳಗೆಳೆದುಕೊಂಡಿರುತ್ತದೆ. ಹೊರಗಿನಿಂದ ಊದಿದರೆ ಅದು ಹೋಗದು, ಕ್ಯಾಮೆರಾ ಬಿಚ್ಚಲೇಬೇಕು.

ಮೂರನೆಯದು, ಗೋಡೆಗೆ ಒಂದು ದಿನಪತ್ರಿಕೆಯ ಹಾಳೆ ಅಂಟಿಸಿ, ನೇರ ನಿಂತು, ಹಾಳೆ ಚೌಕಟ್ಟಿನ ತುಂಬ ಬರುವಂತೆ ಫೋಟೊ ತೆಗೆಯಿರಿ. ಪರದೆಯಲ್ಲಿ ಹಿಗ್ಗಿಸಿ ನಾಲ್ಕೂ ಮೂಲೆಗಳ ಒತ್ತಕ್ಷರ ನೋಡಿ. ಮೂರು ಮೂಲೆ ಸ್ಪಷ್ಟವಿದ್ದು ಒಂದೇ ಮೂಲೆ ಕಲಸಿದ್ದರೆ ಲೆನ್ಸ್ ವಾಲಿದೆ. ಬೆಲೆ ಎಷ್ಟೇ ಇಳಿಸಿದರೂ ಬೇಡ.

ಹಂತ 3: ಬ್ಯಾಟರಿ ಚಪ್ಪಟೆ ಮೇಜಿನ ಮೇಲಿಟ್ಟು ತಿರುಗಿಸಿ, ಬುಗುರಿಯಂತೆ ಸುತ್ತಿದರೆ ಉಬ್ಬಿದೆ. ಅದೇ ಮಾದರಿಯ ಬ್ಯಾಟರಿ ಇನ್ನೂ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ.

ಹಂತ 4: ಚಿತ್ರ ಕೂಡಿಡಲು ಎಸ್‌ಡಿ ಮೆಮೊರಿ ಕಾರ್ಡ್ ಹಾಕುವ ಕ್ಯಾಮೆರಾವನ್ನೇ ಆರಿಸಿ. ಎಕ್ಸ್‌ಡಿ ಕಾರ್ಡ್ ಬೇಡುವ ಹಳೆಯ ಒಲಿಂಪಸ್, ಫ್ಯೂಜಿಫಿಲ್ಮ್ ಮಾದರಿಗಳು ಎಷ್ಟು ಚಂದವಿದ್ದರೂ ಬೇಡ, ಆ ಕಾರ್ಡಿನ ತಯಾರಿಕೆಯೇ ನಿಂತಿದೆ. 2009ಕ್ಕಿಂತ ಹಳೆಯ ಕ್ಯಾಮೆರಾಗಳು 64 ಜಿಬಿ ಕಾರ್ಡನ್ನು ಸಾಮಾನ್ಯವಾಗಿ ಗುರುತಿಸಲಾರವು. ಇನ್ನೂ ಹಳೆಯವಕ್ಕೆ 2 ಜಿಬಿಯೇ ಮಿತಿ. ಅಂಗಡಿಗೆ ಹೋಗುವಾಗ 2 ಜಿಬಿ, 16 ಜಿಬಿ ಎರಡೂ ಕಾರ್ಡ್ ಜೇಬಿನಲ್ಲಿರಲಿ.

ಮನೆಗೆ ತಂದ ಮೇಲೆ ಮೆನುವಿನಲ್ಲಿ ಡಿಜಿಟಲ್ ಜೂಮ್ ಆಫ್ ಮಾಡಿ, ದಿನಾಂಕ ಹೊಂದಿಸಿ. ಹೆಚ್ಚಿನ ಕಾಂಪ್ಯಾಕ್ಟ್‌ಗಳ ಕೈಪಿಡಿ ಹೇಳುವ ಗರಿಷ್ಠ ಉಷ್ಣಾಂಶ 40 ಡಿಗ್ರಿ. ಕಲಬುರಗಿಯ ಏಪ್ರಿಲ್, ಮೇ ತಿಂಗಳಲ್ಲಿ ನೆರಳಲ್ಲೇ ಅದನ್ನು ದಾಟುತ್ತದೆ. ಬಿಸಿಲಲ್ಲಿ ನಿಂತ ಬೈಕಿನ ಡಿಕ್ಕಿಯಲ್ಲಿ ಕ್ಯಾಮೆರಾ ಬಿಟ್ಟು ಹೋಗಬೇಡಿ.