ಬೆಂದಕಾಳೂರಿನ ಕಥೆ ನಿಜವಾ? ಆಕರ ಹುಡುಕಿ ಬರೆಯುವುದು ಹೀಗೆ

ಬೇಟೆಗೆ ಹೋಗಿ ದಾರಿ ತಪ್ಪಿದ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು, ಅದೇ ಬೆಂಗಳೂರು. ಈ ಕಥೆ ಎಲ್ಲರಿಗೂ ಗೊತ್ತು ಅಲ್ವಾ? ಪ್ರಬಂಧದಲ್ಲಿ ಮಾತ್ರ ಅದನ್ನು ಸುಮ್ನೆ ಇಳಿಸಿಬಿಡಬೇಡಿ.

ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ. 'ಬೆಂಗಳೂರಿನ ಇತಿಹಾಸ' ಅಂತ ಹೊರಟರೆ ಮುಗಿಯುವುದೇ ಇಲ್ಲ. 'ಈ ಹೆಸರು ಎಷ್ಟು ಹಳೆಯದು?' ಇಷ್ಟು ಸಾಕು.

ಆಮೇಲೆ ದ್ವಿತೀಯ ಆಕರ ಓದಿ. ಅಂದರೆ ನಂತರದವರು ಬರೆದದ್ದು: ಇತಿಹಾಸದ ಪುಸ್ತಕ, ಗೆಜೆಟಿಯರ್, ಲೇಖನ. ಅಡಿಟಿಪ್ಪಣಿ ಬಿಡಬೇಡಿ, ಮೂಲದ ಸುಳಿವು ಸಿಗುವುದು ಅಲ್ಲೇ.

ಆ ಸುಳಿವು ನಿಮ್ಮನ್ನು ಬೆಂಗಳೂರಿನ ಬೇಗೂರಿನಲ್ಲಿರುವ ನಾಗೇಶ್ವರ ದೇವಸ್ಥಾನಕ್ಕೆ ಕರೆದೊಯ್ಯುತ್ತದೆ. ಅಲ್ಲಿನ ಗಂಗರ ಕಾಲದ ವೀರಗಲ್ಲಿನಲ್ಲಿ 'ಬೆಂಗಳೂರ ಕಾಳೆಗ'ದ ಮಾತಿದೆ. ಆ ಕಾಲದ್ದೇ ಸಾಕ್ಷಿ, ಪ್ರಾಥಮಿಕ ಆಕರ. ಇದರ ಕಾಲ ಸುಮಾರು ಕ್ರಿ.ಶ. 890. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅವನು ಹುಟ್ಟುವ ಮೊದಲೇ ಊರಿಗೆ ಈ ಹೆಸರಿತ್ತು! ನಾವು ದಿನಾ ಆಡುವ ಹೆಸರು ಅಷ್ಟು ಹಳೆಯ ಕಲ್ಲಿನಲ್ಲಿದೆ ಅಂದರೆ ಮೈ ಜುಮ್ಮೆನ್ನುತ್ತದೆ.

ಹಳಗನ್ನಡ ಲಿಪಿ ಓದಲು ಬರದಿದ್ದರೂ ಪರವಾಗಿಲ್ಲ. ಬಿ.ಎಲ್. ರೈಸ್ ಶುರು ಮಾಡಿದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಶಾಸನಗಳ ಪಾಠ, ಅಂದರೆ ಕಲ್ಲಿನಲ್ಲಿ ಕೊರೆದ ಮಾತು, ಅಚ್ಚಾಗಿದೆ. ಒಂದು ಎಚ್ಚರ ಇರಲಿ: ಪಾಠ ಕಲ್ಲಿನದು, ವಿವರಣೆ ವಿದ್ವಾಂಸರದು. 'ಸುಮಾರು 890' ಅನ್ನುವುದೂ ವಿದ್ವಾಂಸರ ಲೆಕ್ಕವೇ. ಎರಡನ್ನೂ ಬೇರೆ ಬೇರೆ ಬರೆದಿಡಿ.

ಓದಿದ್ದನ್ನು ಚೀಟಿಗಳಲ್ಲಿ ಬರೆದುಕೊಳ್ಳಿ, ಒಂದು ಚೀಟಿಗೆ ಒಂದೇ ವಿಷಯ. ಮೂಲೆಯಲ್ಲಿ 'ಪ್ರಾ' (ಪ್ರಾಥಮಿಕ) ಅಥವಾ 'ದ್ವಿ' (ದ್ವಿತೀಯ) ಅಂತ ಗುರುತು, ಕೆಳಗೆ ಪುಸ್ತಕ, ಪುಟ. ಪುಟ ಸಂಖ್ಯೆ ಆಗಲೇ ಬರೆಯಿರಿ, ಆಮೇಲೆ ಹುಡುಕುವುದು ತುಂಬಾ ಕಷ್ಟ.

ಈಗ ರೂಪುರೇಷೆ. ಚೀಟಿಗಳನ್ನು ನೆಲದ ಮೇಲೆ ಹರಡಿ. ಕಥೆ ಮೊದಲು, ಕಲ್ಲು ಆಮೇಲೆ, ನಂತರ ಇಸವಿಗಳ ಹೋಲಿಕೆ. ಜಾಸ್ತಿ ಜಾಗ ಕಲ್ಲಿಗೆ ಕೊಡಿ. ಚೀಟಿಯೇ ಇಲ್ಲದ ಅಂಶ ಬಂದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಮತ್ತೆ ಹುಡುಕಿ. ಬೆಂಗದ ಮರದಿಂದ ಹೆಸರು ಬಂತು ಎನ್ನುವವರಿದ್ದಾರೆ. ಕಲ್ಲು ಆ ವಿಷಯ ಹೇಳುವುದಿಲ್ಲ, ಹಾಗಾಗಿ ಅದನ್ನು 'ದ್ವಿ' ಚೀಟಿಯಲ್ಲೇ ಇಡಿ.

ಅಜ್ಜಿಯ ಚೀಟಿಯನ್ನು ಎಸೆಯಬೇಡಿ. ಜನ ತಮ್ಮ ಊರಿನ ಹುಟ್ಟನ್ನು ಹೇಗೆ ಹೇಳಿಕೊಂಡು ಬಂದರು ಅನ್ನುವುದು ನಿಮ್ಮ ಪ್ರಶ್ನೆಯಾದರೆ, ಆ ಕಥೆಯೇ ಪ್ರಾಥಮಿಕ ಆಕರ.