ಮನೆಯ ಹಿರಿಯರಿಗೆ ಡಿಮೆನ್ಷಿಯಾ ಇದೆಯೆಂದು ನೆಂಟರಿಗೂ ನೆರೆಯವರಿಗೂ ಹೇಳುವ ಬಗೆ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮ ನಾಲಿಗೆಯ ತುದಿಯಲ್ಲೇ ಇರುವುದರಿಂದ, ಹಿರಿಯರು ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಮನೆಯವರು ಅದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತಾರೆ. ಆದರೆ ಡಿಮೆನ್ಷಿಯಾ, ಅಂದರೆ ನೆನಪು, ಯೋಚನೆಯ ಶಕ್ತಿಗಳು ಕುಗ್ಗುತ್ತ ಹೋಗುವುದು, ಮಿದುಳಿನ ಕಾಯಿಲೆಯಿಂದ ಬರುವಂಥದ್ದು. ಮುಚ್ಚಿಟ್ಟಷ್ಟೂ ಊರಿನವರು ತಮಗೆ ತೋಚಿದ ಕಾರಣ ಕಟ್ಟುತ್ತಾರೆ. ಅದಕ್ಕೆ ಮೊದಲೇ ನೀವೇ ಹೇಳಿಬಿಡುವುದು ಲೇಸು.

ಹೇಳುವ ಮುನ್ನ ಕಾಯಿಲೆ ಖಚಿತವಾಗಿರಬೇಕು. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಗಳಿಂದಲೂ ಮರೆವು ಬರುತ್ತದೆ, ಅದು ಚಿಕಿತ್ಸೆಯಿಂದ ಸುಧಾರಿಸಲೂಬಹುದು. ಆದ್ದರಿಂದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಾಗಲಿ, ಹತ್ತಿರದ ನರರೋಗ ಅಥವಾ ಮನೋರೋಗ ತಜ್ಞರಲ್ಲಾಗಲಿ ತೋರಿಸಿರಿ. ಆರಂಭದ ಹಂತದಲ್ಲಿರುವವರಿಗೆ ಬಹಳಷ್ಟು ಅರ್ಥವಾಗುತ್ತದೆ. ಯಾರಿಗೆ, ಎಷ್ಟು ಹೇಳಬೇಕೆಂದು ಅವರನ್ನೇ ಕೇಳಬೇಕು.

ಕೆಲವರು ಇದಕ್ಕೆ ‘ಬುದ್ಧಿಮಾಂದ್ಯತೆ’ ಎಂದು ಬರೆಯುತ್ತಾರೆ. ನನಗದು ಒಪ್ಪಿಗೆಯಿಲ್ಲ, ಏಕೆಂದರೆ ಅದು ಬೇರೆಯದೇ ಸ್ಥಿತಿಯ ಹೆಸರು. ‘ಮರೆವಿನ ಕಾಯಿಲೆ’ ಎಂದರೆ ಹಳ್ಳಿಯ ಅಜ್ಜಿಗೂ ತಿಳಿಯುತ್ತದೆ.

ಹೆಚ್ಚಿನ ಅವಮಾನ ಬೀಳುವುದು ಆರೈಕೆ ಮಾಡುವವರ ಮೇಲೆ. ತಟ್ಟೆ ಇನ್ನೂ ಸಿಂಕಿನಲ್ಲೇ ಇರುವಾಗ ಅತ್ತೆಯವರು ಗೇಟಿನ ಬಳಿ ನಿಂತು, ‘ಬೆಳಗಿನಿಂದ ಒಂದು ತುತ್ತು ಅನ್ನ ಹಾಕಿಲ್ಲ ಕಣಮ್ಮ’ ಎಂದು ಪಕ್ಕದ ಮನೆಯವರಿಗೆ ಹೇಳುತ್ತಾರೆ. ಅವರು ಹೇಳುತ್ತಿರುವುದು ಸುಳ್ಳಲ್ಲ, ಉಂಡ ನೆನಪೇ ಅವರಿಗಿಲ್ಲ. ಅಲ್ಲಿ ವಾದಕ್ಕಿಳಿಯದೆ, ‘ಬನ್ನಿ ಅತ್ತೆ, ಒಂದು ಲೋಟ ಕಾಫಿ ಕುಡಿಯೋಣ’ ಎಂದು ಒಳಗೆ ಕರೆದುಕೊಳ್ಳಿ. ಪಕ್ಕದವರಿಗೆ ಆಮೇಲೆ ಒಂಟಿಯಾಗಿ, ‘ಅಕ್ಕ, ಅತ್ತೆಗೆ ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿದ್ದಾರೆ. ಊಟ ಮಾಡಿದ್ದು ಮರೆತುಹೋಗುತ್ತದೆ. ಹಾಗೆ ಹೇಳಿದರೆ ನನ್ನನ್ನು ಕೂಗಿ’ ಎಂದು ತಿಳಿಸಿ. ಕೊನೆಯ ಮಾತನ್ನು ಬಿಡಬೇಡಿ. ಮಾಡಲು ಒಂದು ಕೆಲಸ ಸಿಕ್ಕವರು ಆಡಿಕೊಳ್ಳುವುದು ಕಡಿಮೆ.

ಮದುವೆ ಮನೆಗಳಲ್ಲಿ ‘ನಾನು ಯಾರು ಹೇಳಿ ನೋಡೋಣ’ ಎಂದು ಪರೀಕ್ಷೆಗೆ ನಿಲ್ಲುವ ನೆಂಟರು ಇದ್ದೇ ಇರುತ್ತಾರೆ. ‘ದೊಡ್ಡಮ್ಮ, ನಾನು ತುಮಕೂರಿನ ಶಾರದೆಯ ಮಗ’ ಎಂದು ತಾವೇ ಪರಿಚಯ ಹೇಳಿಕೊಂಡು ಮಾತಾಡಿಸುವಂತೆ ಅವರಿಗೆ ಮೊದಲೇ ಫೋನಿನಲ್ಲಿ ತಿಳಿಸಿರಿ. ಓಲಗದಿಂದ ದೂರ ಕೂರಿಸಿ, ಮೊದಲ ಪಂಕ್ತಿಯಲ್ಲಿ ಊಟ ಮುಗಿಸಿ ಹೊರಟರಾಯಿತು. ಕರೆದೊಯ್ಯುವುದನ್ನೇ ನಿಲ್ಲಿಸುವುದು ಬೇಡ.

ಮಾಟ, ಗ್ರಹಚಾರ ಎನ್ನುವವರೊಡನೆ ಜಗಳ ವ್ಯರ್ಥ. ಆದರೆ ಸಂಬಂಧ ನೋಡುವಾಗ ‘ವಂಶದ ರೋಗವಂತೆ’ ಎಂಬ ಮಾತು ಬಂದರೆ ಉತ್ತರಿಸಲೇಬೇಕು: ಕುಟುಂಬದಲ್ಲಿ ಒಬ್ಬರಿಗಿದ್ದರೆ ಅಪಾಯ ಸ್ವಲ್ಪ ಹೆಚ್ಚಬಹುದಾದರೂ, ನೇರವಾಗಿ ತಂದೆತಾಯಿಯಿಂದ ಮಕ್ಕಳಿಗೆ ಇಳಿಯುವ ಬಗೆ ಬಹಳ ಅಪರೂಪ.

ಬೀದಿ ತುದಿಯ ಅಂಗಡಿಯವರಿಗೂ ಆಟೋ ನಿಲ್ದಾಣದವರಿಗೂ ನಿಮ್ಮ ಫೋನ್ ನಂಬರ್ ಕೊಟ್ಟಿರಿ. ಹಿರಿಯರು ದಾರಿ ತಪ್ಪಿದರೆ ಮೊದಲು ಕಾಣುವವರು ಅವರೇ. ಹಿರಿಯ ನಾಗರಿಕರ ಸಹಾಯವಾಣಿ 14567. ಆರೈಕೆ ಮಾಡುವ ನಿಮ್ಮ ಮನಸ್ಸೇ ಸೋತಾಗ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416.